ಅರ್ಥ ಆಮೇಲೆ, ಮಟ್ಟು ಮೊದಲು: ರಾಯದುರ್ಗದ ಒಂದು ಕ್ಯಾಸೆಟ್ಟು ಮತ್ತು ಏಸ್ ಆಫ್ ಬೇಸ್

ನನ್ನ ದನಿ ಸರಿಯಾಗಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೀನಿ. ಈ ಸೆಮಿನಾರ್ ಸರಣಿಯಲ್ಲಿ ಇದುವರೆಗೆ ವಚನ, ಕೀರ್ತನೆ, ತತ್ವಪದಗಳ ಬಗ್ಗೆ ಮಾತಾಗಿದೆ. ನನ್ನ ವಿಷಯ ಸ್ವೀಡನ್ನಿನ ಒಂದು ಪಾಪ್ ಗುಂಪಿನ ಹಾಡುಗಳು. ವಿಷಯ ಹೇಳಿದಾಗ ಗೆಳೆಯರು ನಕ್ಕರು, ಗೈಡ್ ಮಾತ್ರ ನಗಲಿಲ್ಲ. "ಕನ್ನಡ ವಿಭಾಗದಲ್ಲಿ ಇದನ್ನ ಯಾಕೆ ಓದಬೇಕು ಅಂತ ಮೊದಲ ಐದು ನಿಮಿಷದಲ್ಲಿ ಹೇಳು, ಆಮೇಲೆ ಏನು ಬೇಕಾದ್ರೂ ಹೇಳು" ಅಂದರು. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

ನಮ್ಮೂರು ಮಡಕಶಿರದ ಹತ್ತಿರ. ನಕ್ಷೆ ತೆಗೆದು ನೋಡಿದರೆ ಮಡಕಶಿರದ ಸೀಮೆ ಆಂಧ್ರದಿಂದ ಕರ್ನಾಟಕದೊಳಕ್ಕೆ ಚಾಚಿದ ನಾಲಿಗೆಯ ಹಾಗೆ ಕಾಣುತ್ತದೆ. ಸುತ್ತ ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಅಂದರೆ ಹಳೆಯ ಹೆಂಜೇರು, ಇದೇ ಸೀಮೆಯಲ್ಲಿದೆ. ನಮ್ಮ ಅಮ್ಮನ ತವರು ರಾಯದುರ್ಗ. ಅದು 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ಮೂರೂ ಆ ಕಡೆ ಹೋದವು. ಬಳ್ಳಾರಿ ಮೈಸೂರಿಗೆ ಬಂತು. ಆಮೇಲೆ ಎರಡೂ ಊರು ಒಂದೇ ಅನಂತಪುರ ಜಿಲ್ಲೆಯಲ್ಲಿದ್ದವು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಪ್ಪನ ಮನೆ, ಅಮ್ಮನ ತವರು ಈಗ ಬೇರೆ ಬೇರೆ ಜಿಲ್ಲೆ. ಮನೆಗಳು ಇದ್ದಲ್ಲೇ ಇವೆ, ಗೆರೆಗಳು ಓಡಾಡ್ತಾ ಇವೆ.

ಇವತ್ತಿನ ಮಾತಿಗೆ ನನ್ನ ಆಧಾರ ಒಂದು ಕ್ಯಾಸೆಟ್ಟು. ನನ್ನ ಸೋದರಮಾವ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯೋದು ಕಲಿತು, ಆಮೇಲೆ ರಾಯದುರ್ಗದಲ್ಲೇ ಹೊಲಿಯೋಕೆ ಕೂತವರು. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳು ಎಷ್ಟಿವೆ ಅಂತ ಹೋದವರಿಗೆ ಗೊತ್ತು. ಬೀದಿಯಲ್ಲಿ ನಡೆದರೆ ಮಿಷನ್ ಸದ್ದು, ಅದರ ಮೇಲೆ ಹಾಡಿನ ಸದ್ದು. 1990ರ ದಶಕದ ನಡುವಿನಲ್ಲಿ ಮಾವ ಅಂಗಡಿಯೊಂದರಲ್ಲಿ ಖಾಲಿ ಕ್ಯಾಸೆಟ್ಟಿಗೆ ತನಗೆ ಬೇಕಾದ ಹಾಡು ತುಂಬಿಸಿಕೊಂಡಿದ್ದರು. ಆಗ ಅದು ಎಲ್ಲಾ ಕಡೆ ಇದ್ದ ಪದ್ಧತಿ: ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದು ಕೊಟ್ಟು, ನಾಲ್ಕು ದಿನ ಬಿಟ್ಟು ಹೋಗಿ ತರೋದು. ಒಂದು ಮಗ್ಗುಲಲ್ಲಿ 'ಪ್ರೇಮಲೋಕ', ಕೆಲವು ರಾಜ್‌ಕುಮಾರ್ ಹಾಡು, 'ರೋಜಾ' ಚಿತ್ರದ ತೆಲುಗು ಹಾಡು. ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್. ಅದರಲ್ಲಿ ಮೂರು ಹಾಡು ಏಸ್ ಆಫ್ ಬೇಸ್ ಅವರದ್ದು.

ಆದರೆ ಅವರ ಹೆಸರು ಅಲ್ಲಿಲ್ಲ. ಒಳಗಿನ ರಟ್ಟಿನ ಮೇಲೆ ಮಾವ ಕೇಳಿದ ಹಾಗೇ ಬರೆದಿದ್ದಾರೆ: 'ಆಲ್ದಟ್ ಸಿವಾನ್ಸ್', 'ದಿ ಸೈನು', 'ಡೋಂಟನ್ ರೌಂಡು'. ಬರಹ ಕನ್ನಡವೇ, ಆದರೆ ಕೆಲವು ಅಕ್ಷರಕ್ಕೆ ತೆಲುಗಿನ ತಲಕಟ್ಟು ಬಿದ್ದಿದೆ. ಹಸ್ತಪ್ರತಿ ಶಾಸ್ತ್ರದ ತರಗತಿಯಲ್ಲಿ ಲಿಪಿಕಾರನ ಕೈಬರಹದಿಂದ ಅವನ ಊರನ್ನ ಊಹಿಸೋದು ಹೇಗೆ ಅಂತ ಕೇಳಿದಾಗ ನನಗೆ ನೆನಪಾದದ್ದು ಈ ರಟ್ಟು. ಚಿಕ್ಕವನಿದ್ದಾಗ ನಾನು ಮಾವನನ್ನ ಕೇಳಿದ್ದೆ, "ಮಾವ, ಇದ್ರ ಅರ್ಥ ಏನು?" ಮಾವ ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದ್ದು: "ಲೇ, ಅರ್ಥ ಬೇಕಂದ್ರೆ ಪುಸ್ತಕ ಓದು. ಇದನ್ನ ಕೇಳು ಸಾಕು."

ನನ್ನ ಪ್ರಶ್ನೆ ಇಷ್ಟೆ: ಒಂದು ಪದವೂ ಅರ್ಥವಾಗದ ಹಾಡು ಮಾವನನ್ನ ಹಿಡಿದು ಕೂರಿಸಿದ್ದು ಹೇಗೆ? ಈ ಪ್ರಶ್ನೆಗೆ ಮೂರು ಕಡೆಯಿಂದ ಉತ್ತರ ಹುಡುಕುತ್ತೇನೆ: ಮಟ್ಟು, ಮಾತು, ಸಂಕಲನ.

ಮಟ್ಟು

ಮೊದಲು ಆ ಗುಂಪಿನ ಪರಿಚಯ. ಏಸ್ ಆಫ್ ಬೇಸ್ ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನದು. ಯೋನಾಸ್ ಬೆರಿಗ್ರೆನ್, ಅವನ ತಂಗಿಯರಾದ ಲಿನ್ ಮತ್ತು ಜೆನ್ನಿ, ಗೆಳೆಯ ಉಲ್ಫ್ ಎಕ್‌ಬರ್ಗ್, ಒಟ್ಟು ನಾಲ್ಕೇ ಜನ. 1992ರಲ್ಲಿ ಬಂದ 'ಆಲ್ ದಟ್ ಶೀ ವಾಂಟ್ಸ್' ಮೊದಲು ಡೆನ್ಮಾರ್ಕಿನಲ್ಲಿ, ಮರುವರ್ಷ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 'ದಿ ಸೈನ್' 1994ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ವಾರ್ಷಿಕ ಪಟ್ಟಿಯಲ್ಲಿ ಒಂದನೇ ಹಾಡು.

ಇದರ ಹಿಂದೆಯೂ ಒಂದು ಕ್ಯಾಸೆಟ್ಟಿನ ಕತೆ ಇದೆ. ಗುಂಪಿನವರು ಸ್ಟಾಕ್‌ಹೋಮಿನ ನಿರ್ಮಾಪಕ ಡೆನಿಸ್ ಪಾಪ್‌ಗೆ ತಮ್ಮ ಹಾಡಿನ ಮಾದರಿ ಕ್ಯಾಸೆಟ್ ಕಳಿಸಿದರು. ಅವನಿಗೆ ಅದು ಹಿಡಿಸಲಿಲ್ಲ. ಆದರೆ ಕ್ಯಾಸೆಟ್ಟು ಅವನ ಕಾರಿನ ಪ್ಲೇಯರ್‌ನಲ್ಲಿ ಸಿಕ್ಕಿಕೊಂಡು ಹೊರಗೇ ಬರಲಿಲ್ಲ. ಕೆಲಸಕ್ಕೆ ಹೋಗ್ತಾ ಬರ್ತಾ ಅದನ್ನೇ ಕೇಳಬೇಕಾಯಿತು. ಕೇಳಿ ಕೇಳಿ ಒಳಗೆ ಏನೋ ಇದೆ ಅನಿಸಿ, ಅದನ್ನೇ ತಿದ್ದಿ 'ಆಲ್ ದಟ್ ಶೀ ವಾಂಟ್ಸ್' ಮಾಡಿದ. ಪಾಪ್ ಹಾಡು ಕೆಲಸ ಮಾಡುವ ರೀತಿಯೇ ಈ ಕತೆಯಲ್ಲಿದೆ: ಮೊದಲ ಸಲಕ್ಕೆ ಮೆಚ್ಚಿಸಬೇಕಾಗಿಲ್ಲ, ಹತ್ತನೇ ಸಲಕ್ಕೆ ಬಿಡದ ಹಾಗೆ ಮಾಡಬೇಕು. ಮಾವನ ಹೊಲಿಗೆ ಮನೆಯಲ್ಲೂ ಅಷ್ಟೆ. ಕ್ಯಾಸೆಟ್ ಬದಲಾಯಿಸೋಕೆ ಎದ್ದರೆ ಹೊಲಿಗೆ ನಿಲ್ಲುತ್ತೆ, ಹಾಗಾಗಿ ಒಂದೇ ಕ್ಯಾಸೆಟ್ಟು ದಿನವಿಡೀ ತಿರುಗುತ್ತೆ.

ಇನ್ನು ರಾಗದ ಮಾತು. ಡ್ಯಾನ್ಸ್ ಹಾಡೆಂದರೆ ಕುಣಿಯುವ ಖುಷಿಯ ಹಾಡು ಅಂತ ನಾವು ತಿಳಿದಿರುತ್ತೇವೆ. ಇವರ ಹಾಡುಗಳಲ್ಲಿ ತಾಳ ಕುಣಿಯುತ್ತದೆ, ರಾಗ ದುಃಖಿಸುತ್ತದೆ. 'ಆಲ್ ದಟ್ ಶೀ ವಾಂಟ್ಸ್' ಮೈನರ್ ಸ್ವರಶ್ರೇಣಿಯ ಹಾಡು. ಕೆಳಗೆ ಜಮೈಕಾದ ರೆಗ್ಗೆಯ ಎದುರು ತಟ್ಟು. 'ದಿ ಸೈನ್' ಇನ್ನೂ ಚೆನ್ನಾದ ಉದಾಹರಣೆ. ಅದರ ಚರಣ ಮೈನರ್‌ನಲ್ಲಿ, ಪಲ್ಲವಿ ಮೇಜರ್‌ನಲ್ಲಿ. ನಮ್ಮ ಸಂಗೀತದ ಮಾತಲ್ಲಿ ಹೇಳೋದಾದರೆ, ಚರಣದಲ್ಲಿ ಸಾಧಾರಣ ಗಾಂಧಾರ, ಪಲ್ಲವಿಗೆ ಬಂದಾಗ ಅಂತರ ಗಾಂಧಾರ. ಒಂದು ಸ್ವರ ಅರ್ಧ ಮೆಟ್ಟಿಲು ಮೇಲೇರಿದ್ದಕ್ಕೆ ಮೋಡ ಸರಿದು ಬಿಸಿಲು ಬಿದ್ದ ಹಾಗಾಗುತ್ತದೆ. ಪದ ಗೊತ್ತಿಲ್ಲದವನಿಗೂ ಹಾಡಿನಲ್ಲಿ ಏನೋ ಬದಲಾಯಿತು, ಯಾರೋ ದುಃಖದಿಂದ ಹೊರಬಂದರು ಅಂತ ತಿಳಿಯುತ್ತದೆ. ಹಾಡಿನ ವಸ್ತುವೂ ಅದೇ: ಹಳೆಯ ಸಂಬಂಧದಿಂದ ಬಿಡಿಸಿಕೊಂಡು ದಾರಿ ಕಂಡವರ ಮಾತು. ಮಾವನಿಗೆ ಈ ಕತೆ ಗೊತ್ತಿರಲಿಲ್ಲ. ಆದರೂ ಪಲ್ಲವಿ ಬಂದಾಗ ಪೆಡಲ್ ಜೋರಾಗ್ತಿತ್ತು ಅಂತ ಅತ್ತೆ ಹೇಳ್ತಾರೆ.

'ಡೋಂಟ್ ಟರ್ನ್ ಅರೌಂಡ್' ಇವರ ಸ್ವಂತ ಹಾಡೇ ಅಲ್ಲ. ಆಲ್ಬರ್ಟ್ ಹ್ಯಾಮಂಡ್ ಮತ್ತು ಡಯಾನ್ ವಾರೆನ್ ಬರೆದ ಈ ಹಾಡನ್ನು ಮೊದಲು ಟೀನಾ ಟರ್ನರ್ ಹಾಡಿದರು. ಬ್ರಿಟನ್ನಿನ ರೆಗ್ಗೆ ಗುಂಪು ಆಸ್ವಾಡ್ 1988ರಲ್ಲಿ ಅದನ್ನು ಗೆಲ್ಲಿಸಿತು. ಆಮೇಲೆ ಗೋಥೆನ್‌ಬರ್ಗಿಗೆ ಬಂತು. ಅಮೆರಿಕದಲ್ಲಿ ಹುಟ್ಟಿ, ಜಮೈಕಾ ತಾಳ ಹೊತ್ತು, ಲಂಡನ್ ದಾಟಿ, ಸ್ವೀಡನ್ನಿನಲ್ಲಿ ಬಟ್ಟೆ ಬದಲಿಸಿ ರಾಯದುರ್ಗಕ್ಕೆ ಬಂದು ತಲುಪಿದೆ. ಒಬ್ಬರ ಮಟ್ಟಿಗೆ ಇನ್ನೊಬ್ಬರು ದನಿ ಕೊಡೋದು ನಮಗೆ ಹೊಸದಲ್ಲ. ಭಜನೆ, ತತ್ವಪದ, ಬಯಲಾಟ, ಎಲ್ಲ ಕಡೆ ಮಟ್ಟು ಊರಿಂದೂರಿಗೆ ಓಡಾಡುತ್ತೆ. ಮಟ್ಟಿಗೆ ಪಾಸ್‌ಪೋರ್ಟ್ ಇಲ್ಲ.

ಮಾತು

ಎರಡನೆಯದು ಭಾಷೆ. ಏಸ್ ಆಫ್ ಬೇಸ್‌ನವರ ತಾಯಿನುಡಿ ಸ್ವೀಡಿಷ್, ಹಾಡೋದು ಇಂಗ್ಲಿಷಿನಲ್ಲಿ. ಒಂದು ಕೋಟಿ ಜನ ಆಡುವ ಭಾಷೆಯವರು ಲೋಕಕ್ಕೆ ಹಾಡಬೇಕಾದರೆ ಬೇರೆಯವರ ಭಾಷೆ ಹಿಡಿಯಬೇಕಾಯಿತು. ಅವರಿಗಿಂತ ಮುಂಚೆ ಆಬಾ ಇದನ್ನೇ ಮಾಡಿತ್ತು. 1974ರ ಯೂರೋವಿಷನ್ ಗೆದ್ದ 'ವಾಟರ್‌ಲೂ' ಅವರು ಅಲ್ಲಿ ಹಾಡಿದ್ದು ಇಂಗ್ಲಿಷಿನಲ್ಲಿ. ಆ ಆಬಾದ 'ಮಮ್ಮಾ ಮಿಯಾ' ಮಟ್ಟು 1977ರಲ್ಲಿ ಆರ್.ಡಿ. ಬರ್ಮನ್ ಕೈಯಲ್ಲಿ 'ಹಮ್ ಕಿಸೀಸೇ ಕಮ್ ನಹೀಂ' ಚಿತ್ರದ ಹಿಂದಿ ಹಾಡಾಯಿತು.

ಡೆನಿಸ್ ಪಾಪ್ ಶಿಷ್ಯ ಮ್ಯಾಕ್ಸ್ ಮಾರ್ಟಿನ್ ಈ ರೀತಿಯನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದ. ಮಟ್ಟು ಮೊದಲು, ಮಾತು ಆಮೇಲೆ. ಒಂದು ಸಾಲಿನಲ್ಲಿ ಇಷ್ಟು ಅಕ್ಷರ ಬಂದರೆ ಜೋಡಿ ಸಾಲಿನಲ್ಲೂ ಅಷ್ಟೇ ಬರಬೇಕು. ಅರ್ಥಕ್ಕೋಸ್ಕರ ಒಂದಕ್ಷರ ಹೆಚ್ಚು ಮಾಡುವಂತಿಲ್ಲ. ಅವನು ಬ್ರಿಟ್ನಿ ಸ್ಪಿಯರ್ಸ್‌ಗೆ ಬರೆದ 1998ರ ಹಾಡಿನಲ್ಲಿ 'ಹಿಟ್ ಮಿ' ಅನ್ನೋದನ್ನ 'ಫೋನ್ ಮಾಡು' ಎಂಬರ್ಥದಲ್ಲಿ ಬಳಸಿದ್ದು, ಇಂಗ್ಲಿಷ್ ತಾಯಿನುಡಿಯವರಿಗೆ ಅದು 'ಹೊಡಿ' ಅಂತ ಕೇಳಿಸಿದ್ದು ಪ್ರಸಿದ್ಧ. ಹೊರಗಿನಿಂದ ಬಂದವನು ಭಾಷೆಯನ್ನು ಮೊದಲು ಸದ್ದಾಗಿ ಹಿಡಿಯುತ್ತಾನೆ. ಆ ಸದ್ದು ಬಾಯಿಗೆ ಕೂರುತ್ತದಾ ಅಂತ ನೋಡುತ್ತಾನೆ. ಹಾಗಾಗಿ ಹೊರಗಿನ ಇನ್ನೊಬ್ಬನ ಬಾಯಿಗೂ ಅದು ಸುಲಭವಾಗಿ ಕೂರುತ್ತದೆ. ಮಾವನಿಗೆ ಸಿಕ್ಕಿದ್ದು ಇಂಗ್ಲಿಷರ ಇಂಗ್ಲಿಷಲ್ಲ, ಕಲಿತವರ ಇಂಗ್ಲಿಷು.

ಇದಕ್ಕೆ ಸಾಟಿ ಕನ್ನಡದಲ್ಲಿ ಬೇಕಾದಷ್ಟಿದೆ. ರಾಜ್‌ಕುಮಾರ್ ಅವರ ದನಿಯಾಗಿದ್ದ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಎಸ್. ಜಾನಕಿ ತೆಲುಗು ಮನೆಯವರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂಜಿನಿಯರಿಂಗ್ ಓದಲು ಬಂದಿದ್ದು ನಮ್ಮ ಅನಂತಪುರಕ್ಕೆ. 1967ರ 'ನಕ್ಕರೆ ಅದೇ ಸ್ವರ್ಗ'ದಿಂದ ಕನ್ನಡದಲ್ಲಿ ಹಾಡಿದರು. 'ಗಾನಯೋಗಿ ಪಂಚಾಕ್ಷರ ಗವಾಯಿ'ಗಾಗಿ ರಾಷ್ಟ್ರಪ್ರಶಸ್ತಿಯನ್ನೂ ಕನ್ನಡದಿಂದ ಪಡೆದರು. ಇವರ ಕನ್ನಡ ಅಷ್ಟು ಸ್ಪಷ್ಟವಾಗಿ ಕೇಳೋದಕ್ಕೆ ಒಂದು ಕಾರಣ, ಅದು ಅವರಿಗೆ ಕಲಿತು ಬಂದದ್ದು ಅಂತ ನನಗನಿಸುತ್ತದೆ. ಮನೆಮಾತು ಆಡುವವನು ಅಕ್ಷರ ನುಂಗುತ್ತಾನೆ. ನಮ್ಮ ಕಡೆ 'ಹ'ಕಾರವೇ ಇಲ್ಲ, 'ಹಾವು' ಅನ್ನೋದು 'ಆವು'. ತೆಲುಗಿನಲ್ಲಿ 'ಆವು' ಅಂದರೆ ಹಸು. "ಹಟ್ಟೀಲಿ ಆವು ಐತೆ" ಅಂದರೆ ಕೋಲು ಹಿಡಿದು ಓಡಬೇಕೋ, ಚೊಂಬು ಹಿಡಿದು ಹೋಗಬೇಕೋ, ಯಾರ ಮನೆಯವರು ಹೇಳಿದ್ದು ಅಂತ ನೋಡಿ ತೀರ್ಮಾನ ಮಾಡಬೇಕು.

ಹೀಗೆ ಬೆಳೆದವರಿಗೆ ಒಂದು ಸದ್ದಿಗೆ ಎರಡು ಅರ್ಥ ಇರೋದು ದಿನದ ಅನುಭವ. 'ಆಲ್ ದಟ್ ಶೀ ವಾಂಟ್ಸ್' ಹಾಡಿನ 'ಬೇಬಿ' ಪದಕ್ಕೂ ಇದೇ ಗತಿಯಾಯಿತು. ಆ ಹೆಂಗಸಿಗೆ ಮಗು ಬೇಕಂತೆ ಅಂತ ಇಂಗ್ಲಿಷ್ ಬಲ್ಲ ಎಷ್ಟೋ ಜನ ತಿಳಿದರು. ಹಾಡು ಹೇಳೋದು ಅವಳು ಹೊಸ ಪ್ರೇಮಿಯನ್ನು ಹುಡುಕುತ್ತಿದ್ದಾಳೆ ಅಂತ. ಭಾಷೆ ಬಂದವರೇ ತಪ್ಪು ತಿಳಿದ ಮೇಲೆ, ಬಾರದ ನಮ್ಮ ಮಾವ ಕಳೆದುಕೊಂಡದ್ದು ಅಷ್ಟೇನಿಲ್ಲ.

ಈ ವಿಚಾರ ನಮ್ಮ ಜಿಲ್ಲೆಯ ಒಬ್ಬ ದೊಡ್ಡವರಿಗೆ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ. ರಾಳ್ಳಪಲ್ಲಿ ಅನಂತಕೃಷ್ಣಶರ್ಮರು 1893ರಲ್ಲಿ ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದರು. ಅನ್ನಮಾಚಾರ್ಯರ ತೆಲುಗು ಪದಗಳಿಗೆ ರಾಗ ಹಾಕಿದರು; ಸಂಗೀತ, ಸಾಹಿತ್ಯಗಳ ಬಗ್ಗೆ ಕನ್ನಡದಲ್ಲಿ 'ಗಾನಕಲೆ', 'ಸಾಹಿತ್ಯ ಮತ್ತು ಜೀವನಕಲೆ' ಬರೆದರು. ಎರಡು ಭಾಷೆ ಮತ್ತು ಸಂಗೀತ ಒಂದೇ ಮನೆಯ ಮೂರು ಕೋಣೆಗಳು ಅನ್ನೋ ಹಾಗೆ ಬದುಕಿದವರು ಅವರು.

ಸಂಕಲನ

ಮೂರನೆಯದು 'ಗ್ರೇಟೆಸ್ಟ್ ಹಿಟ್ಸ್' ಎಂಬ ರೂಪ. ಏಸ್ ಆಫ್ ಬೇಸ್ 1999ರಲ್ಲಿ 'ಸಿಂಗಲ್ಸ್ ಆಫ್ ದಿ ನೈಂಟೀಸ್' ತಂದಿತು. ಮರುವರ್ಷ ಅಮೆರಿಕಕ್ಕೆ ಬೇರೆಯೇ ಒಂದು 'ಗ್ರೇಟೆಸ್ಟ್ ಹಿಟ್ಸ್'. 2008ರಲ್ಲಿ ಅದೇ ಹೆಸರಿನಲ್ಲಿ ಮತ್ತೊಂದು. 'ಅತ್ಯುತ್ತಮ' ಪಟ್ಟಿ ದೇಶದಿಂದ ದೇಶಕ್ಕೆ ಬದಲಾದದ್ದು ಗಮನಿಸಿ. ಹಾಡೂ ಬದಲಾಗುತ್ತಿತ್ತು: 1998ರ 'ಲೈಫ್ ಈಸ್ ಎ ಫ್ಲವರ್' ಹಾಡಿನ ಮಟ್ಟನ್ನು ಇಟ್ಟುಕೊಂಡು, ಮಾತು ಬದಲಿಸಿ, 'ವೆನೆವರ್ ಯು ಆರ್ ನಿಯರ್ ಮಿ' ಅಂತ ಅಮೆರಿಕಕ್ಕೆ ಕೊಟ್ಟರು. ಡಬ್ಬಿಂಗ್ ಹಾಡು ಕೇಳಿ ಬೆಳೆದ ಗಡಿಯವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಸಂಕಲನಕ್ಕೆ ಸುಮ್ಮನೆ 'ವ್ಯಾಪಾರ' ಅಂದುಬಿಡೋದು ಸುಲಭ. ಆದರೆ ನಮ್ಮಲ್ಲಿ 13ನೇ ಶತಮಾನದಲ್ಲೇ ಮಲ್ಲಿಕಾರ್ಜುನ 'ಸೂಕ್ತಿಸುಧಾರ್ಣವ' ಮಾಡಿದ್ದಾನೆ. 'ಶಬ್ದಮಣಿದರ್ಪಣ' ಬರೆದ ಕೇಶಿರಾಜನ ತಂದೆ. ಹೊಯ್ಸಳ ಸೋಮೇಶ್ವರನ ವಿನೋದಕ್ಕಾಗಿ, ಹಿಂದಿನ ಕವಿಗಳ ಕಾವ್ಯಗಳಿಂದ ಸೊಗಸಾದ ಪದ್ಯಗಳನ್ನು ಆಯ್ದು, ಸಮುದ್ರ, ಪರ್ವತ, ಋತು, ಚಂದ್ರೋದಯ ಅಂತ ವರ್ಣನೆಗಳ ತಲೆಬರಹದಡಿ ಜೋಡಿಸಿದ. ಕತೆ ಬಿಟ್ಟ, ರಸಘಟ್ಟ ಇಟ್ಟ. ರಾಜನಿಗೆ ಇಡೀ ಕಾವ್ಯ ಕೂತು ಕೇಳುವ ವ್ಯವಧಾನ ಇರಲಿಲ್ಲವೋ ಏನೋ, ಹಿಟ್ಸ್ ಕ್ಯಾಸೆಟ್ಟು ಬೇಕಾಯಿತು. ಮೂಲ ಕಾವ್ಯಗಳಲ್ಲಿ ಕೆಲವು ಕಳೆದೇ ಹೋದವು. ಒಂದನೆಯ ಗುಣವರ್ಮನ 'ಶೂದ್ರಕ'ದ ಪದ್ಯಗಳು ನಮಗೆ ಸಿಗೋದು ಇಂಥ ಸಂಕಲನ ಗ್ರಂಥಗಳಿಂದಲೇ. ಅಂದರೆ ಸಂಕಲನ ಎರಡು ಕೆಲಸ ಒಟ್ಟಿಗೆ ಮಾಡುತ್ತೆ. ಸಂದರ್ಭ ಕಿತ್ತು ಹಾಕುತ್ತೆ. ಆ ಕಿತ್ತದ್ದನ್ನೇ ಉಳಿಸಿ ಕೊಡುತ್ತೆ.

ಮಾವನ ಕ್ಯಾಸೆಟ್ಟೂ ಹಾಗೇ. ಅದರಲ್ಲಿ ಗುಂಪಿನ ಹೆಸರಿಲ್ಲ, ದೇಶದ ಹೆಸರಿಲ್ಲ. ಈ ಹಾಡುಗಾರರು ಸ್ವೀಡನ್ನಿನವರು ಅಂತ ನನಗೆ ತಿಳಿದದ್ದೇ ಎಂ.ಎ.ಗೆ ಬಂದ ಮೇಲೆ. ಆದರೆ ರಾಜ್‌ಕುಮಾರ್, ಹಂಸಲೇಖ, ರೆಹಮಾನ್, ಗೋಥೆನ್‌ಬರ್ಗಿನ ಹುಡುಗಿಯರು ಒಂದೇ ರಟ್ಟಿನ ಮೇಲೆ ಒಂದೇ ಕೈಬರಹದಲ್ಲಿದ್ದಾರೆ. ಯಾವ ಕಂಪನಿಯೂ ಇಂಥ ಪಟ್ಟಿ ಮಾಡಿಲ್ಲ. ಕರ್ನಾಟಕದವರು ಮಾಡುವ 'ಕನ್ನಡದ ನೂರು ಹಾಡು'ಗಳಲ್ಲಿ ಆ ತೆಲುಗು ಹಾಡು ಇರಲ್ಲ. ಆಂಧ್ರದ ಪಟ್ಟಿಯಲ್ಲಿ ನಮ್ಮ ಕನ್ನಡ ಹಾಡು ಇರಲ್ಲ. ಗಡಿಯವರ ಹಿಟ್ಸ್ ಗಡಿಯವರೇ ತುಂಬಿಸಿಕೊಳ್ಳಬೇಕು.

ಸಭೆಯ ಪ್ರಶ್ನೆಗಳು

ಮಾತು ಮುಗಿದ ಮೇಲೆ ಒಬ್ಬ ಸಹಪಾಠಿ ಕೇಳಿದರು: "ಪುನರಾವರ್ತನೆಯಿಂದ ಏನು ಬೇಕಾದರೂ ಇಷ್ಟವಾಗುತ್ತದೆ ಅಂತಾದರೆ, ಗುಣದ ಪ್ರಶ್ನೆ ಎಲ್ಲಿ ಬಂತು?" ನನ್ನ ಉತ್ತರ: ಆ ಕ್ಯಾಸೆಟ್ಟಿನ ಇಂಗ್ಲಿಷ್ ಮಗ್ಗುಲಲ್ಲಿ ಬೇರೆ ಹಾಡುಗಳೂ ಇದ್ದವು, ಅವೂ ಅಷ್ಟೇ ಸಲ ತಿರುಗಿದವು. ಮಾವ ಈಗ ಗುನುಗೋದು ಈ ಮೂರನ್ನು ಮಾತ್ರ. ಪುನರಾವರ್ತನೆ ಬಾಗಿಲು ತೆಗೆಯುತ್ತೆ. ಒಳಗೆ ಕೂರೋದಕ್ಕೆ ಆ ಗಾಂಧಾರದ ತಿರುವಿನಂಥದ್ದು ಏನಾದರೂ ಬೇಕು.

ಎರಡನೇ ಪ್ರಶ್ನೆ ನಮ್ಮ ಮೇಡಂ ಅವರದು, ಅದು ನನ್ನನ್ನು ಕಟ್ಟಿಹಾಕಿತು. "ಅರ್ಥ ಇಲ್ಲದೆ ಸದ್ದನ್ನು ಪ್ರೀತಿಸೋದನ್ನ ನೀನು ಹಬ್ಬದ ಹಾಗೆ ಹೇಳ್ತಿದ್ದೀಯ. ನಿಮ್ಮೂರ ಮಕ್ಕಳ ಕನ್ನಡದ ಬಗ್ಗೆಯೂ ಹೀಗೇ ಹೇಳ್ತೀಯಾ?"

ಅಲ್ಲಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಬರಹದಲ್ಲಿ ಆ ಉತ್ತರವನ್ನು ಪೂರ್ತಿ ಮಾಡುತ್ತೇನೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಾವನ ಮೊಮ್ಮಗಳು ಓದುತ್ತಿರೋದು ಇಂಗ್ಲಿಷ್ ಮಾಧ್ಯಮದಲ್ಲಿ, ಜೊತೆಗೆ ತೆಲುಗು. ಕಳೆದ ಯುಗಾದಿಗೆ ಹೋದಾಗ ಅವಳು ಒಂದು ಕನ್ನಡ ಸಿನಿಮಾ ಹಾಡನ್ನು ಒಂದಕ್ಷರ ತಪ್ಪದೆ ಹಾಡಿದಳು. ಖುಷಿಯಾಗಿ "ಬರ್ಕೊಂಡಿದ್ದೀಯಾ?" ಅಂದೆ. ನೋಟ್‌ಬುಕ್ ತಂದಳು. ಇಡೀ ಹಾಡು ತೆಲುಗು ಅಕ್ಷರದಲ್ಲಿತ್ತು. ಕನ್ನಡ ಅಕ್ಷರ ಅವಳಿಗೆ ಬರಲ್ಲ. ಎರಡನೇ ಚರಣದ ಒಂದು ಪದ ತೋರಿಸಿ ಕೇಳಿದಳು, "ಮಾಮ, ಇದ್ರ ಅರ್ಥ ಏನು?"

ಮಾವನಿಗೆ ಇಂಗ್ಲಿಷ್ ಹಾಡಿನ ಅರ್ಥ ಗೊತ್ತಾಗದೆ ಇದ್ದದ್ದು ನಷ್ಟವಲ್ಲ. ಅದು ಅವರದಲ್ಲದ ಭಾಷೆ, ಸಿಕ್ಕಿದ್ದೆಲ್ಲ ಲಾಭ. ಈ ಹುಡುಗಿಯ ಮನೆಯಲ್ಲಿ ಕನ್ನಡ ಇದೆ, ಅಜ್ಜಿ ಬಯ್ಯೋದು ಕನ್ನಡದಲ್ಲಿ, ಆದರೆ ಹಾಡಿನ ಕನ್ನಡ ಅವಳಿಗೆ ಮಾವನ 'ಆಲ್ದಟ್ ಸಿವಾನ್ಸ್' ಆಗುತ್ತಾ ಇದೆ. ಮಟ್ಟು ಉಳಿದಿದೆ, ಮಾತು ಜಾರುತ್ತಿದೆ. ಆದ್ದರಿಂದ ಮೇಡಂ, ನನ್ನ ಉತ್ತರ ಎರಡು ಭಾಗ. ಹಾಡಿನ ಸೆಳೆತಕ್ಕೆ ಅರ್ಥ ಬೇಕಿಲ್ಲ, ಏಸ್ ಆಫ್ ಬೇಸ್ ಅದಕ್ಕೆ ಸಾಕ್ಷಿ. ಆದರೆ ಅರ್ಥ ಕೇಳುವ ಮಗುವಿಗೆ "ಕೇಳು ಸಾಕು" ಅನ್ನುವ ಹಕ್ಕು ನನಗಿಲ್ಲ. ಮಾವ ನನಗೆ ಹಾಗೆ ಹೇಳಿದಾಗ ನನ್ನ ಬ್ಯಾಗಿನಲ್ಲಿ ಕನ್ನಡ ಪುಸ್ತಕ ಇತ್ತು. "ಪುಸ್ತಕ ಓದು" ಅನ್ನೋ ಮಾತಿಗೆ ಅರ್ಥ ಇತ್ತು. ಅವಳ ಬ್ಯಾಗಿನಲ್ಲಿ ಅದಿಲ್ಲ.

ಅವತ್ತು ಆ ಪದದ ಅರ್ಥ ಹೇಳಿದೆ. ಆಮೇಲೆ ಅವಳ ತೆಲುಗು ಸಾಲಿನ ಕೆಳಗೆ ಅದೇ ಸಾಲನ್ನು ಕನ್ನಡದಲ್ಲಿ ಬರೆದೆ. ಎರಡು ಲಿಪಿಗಳು ಅಕ್ಕತಂಗಿಯರಲ್ಲವಾ, ತಲಕಟ್ಟು ಬದಲಾಯಿಸಿದರೆ ಅರ್ಧ ಅಕ್ಷರ ಬಂದ ಹಾಗೇ. ಸಂಜೆಯ ಹೊತ್ತಿಗೆ ಅವಳು ಪಲ್ಲವಿಯನ್ನು ತಾನೇ ಓದಿದಳು. ಮಾವ ಮಿಷನ್ ಮೇಲಿಂದಲೇ ನೋಡ್ತಾ ಇದ್ದರು. "ನನ್ನ ಕ್ಯಾಸೆಟ್ಟಿನ ರಟ್ಟೂ ಓದ್ತಾಳಾ ನೋಡು" ಅಂದರು. ಓದಿದಳು. 'ದಿ ಸೈನು' ಅನ್ನೋದಕ್ಕೆ ನಕ್ಕು, "ತಾತ, ಅದು ಸೈನ್" ಅಂತ ತಿದ್ದಿದಳು.